ಅಣಬೆಗೊಂದು ಹೆಸರು

ಬಲಗಾಲಿನ ಹೆಬ್ಬೆರಳ ಮೇಲೆ ಒಂದು ಗೊದ್ದ ಇರುವೆ ಹತ್ತಿತು. ಅದು ಪಾದದ ಉದ್ದಕ್ಕೂ ನಡೆದು, ಹಿಮ್ಮಡಿಯ ಹತ್ತಿರ ನಿಂತು ಏನೋ ಯೋಚನೆ ಮಾಡುತ್ತಿರುವುದು ನನಗೆ ತಿಳಿಯುತ್ತಿತ್ತು. ಕೈ ಬೀಸಿ ಓಡಿಸಬಹುದಿತ್ತು. ಆದರೆ ಕೈ ಹೋದ ಕಡೆ ಕಣ್ಣೂ ಹೋಗಿಬಿಡುತ್ತದೆ. ಕಚ್ಚಿದರೆ ಕಚ್ಚಿಕೊಳ್ಳಲಿ ಎಂದು ಸುಮ್ಮನೆ ಕೂತೆ. ನನ್ನ ಮುಂದೆ, ಬಿದ್ದು ಕೊಳೆತ ಮತ್ತಿಮರದ ಪಾಚಿಯ ಮೇಲೆ, ಅದು ಇತ್ತು. ಕಿರುಬೆರಳ ಉಗುರಿನಷ್ಟೇ ಅಗಲದ ಕೆಂಪು ಟೋಪಿ, ಆಗ ತಾನೇ ಎಣ್ಣೆ ಸವರಿದ ಹಾಗೆ ಮಿನುಗುತ್ತಿತ್ತು. ಅಂಚಿಗೆ ಬರುತ್ತಾ ಕೆಂಪು ತೆಳುವಾಗಿ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಕಾಂಡ ಊದಿನಕಡ್ಡಿಯಷ್ಟು ಸಣ್ಣದು. ಅದರ ಕುತ್ತಿಗೆಯ ಸುತ್ತ ಹಿಟ್ಟು ಮೆತ್ತಿದಂಥ ಒಂದು ಬಿಳಿ ಬಳೆ. ಅಂಗಡಿಯಲ್ಲಿ ತೂಗುಹಾಕಿದ್ದರೆ ಯಾವ ಮಗುವಾದರೂ ಹಟ ಹಿಡಿದು ಕೊಡಿಸಿಕೊಳ್ಳುವಂಥ ಚೆಲುವು ಅದರದು.

ಹಿಂದೆ ತರಗೆಲೆಯ ಸದ್ದಾಯಿತು. “ಯಾರು?” ಎಂದೆ, ತಿರುಗದೆ.

“ಇನ್ಯಾರು, ಹುಲಿ ಬಂದೀತಾ? ನಾನು ಕಣೆ, ತಿಪ್ಪಕ್ಕ.”

“ಮಧ್ಯಾಹ್ನಕ್ಕೆ ಬರ್ತೀನಿ ಅಂದವಳು. ಹೊತ್ತು ಎಷ್ಟಾಯ್ತು ನೋಡು.”

“ಹೊತ್ತು ನೋಡೋಕೆ ನಿನಗೆಲ್ಲೇ ಕಣ್ಣು ಬಿಡುವಾಗಿತ್ತು? ಬರೀ ಸುಳ್ಳು.” ತಿಪ್ಪಕ್ಕ ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಳು. ಅವಳ ಸೆರಗಿನಿಂದ ಹುರಿದ ಕಡಲೆಯ ವಾಸನೆ ಬರುತ್ತಿತ್ತು. “ಎಲ್ಲೈತೆ ಅದು?”

“ಪಾಚಿ ಮೇಲೆ. ಎಡಕ್ಕೆ ಬಾಗೈತಲ್ಲ.”

“ಹಾಂ. ಬಂತು, ನನ್ನ ಕಣ್ಣಿಗೆ ಬಂತು.”

“ಹಿಡಿದೆಯಾ?”

“ಹಿಡಿದೆ ಕಣವ್ವ, ಎದ್ದೇಳು. ಮನೇಲಿ ನಿನ್ನ ಮಗಳು ಅಳ್ತಾ ಅವ್ಳೆ.”

ಆಗ ಕಣ್ಣು ಕಿತ್ತೆ. ಮರಗಳು, ಆಕಾಶ, ತಿಪ್ಪಕ್ಕನ ನರೆತ ತಲೆ ಎಲ್ಲ ಒಂದು ಕ್ಷಣ ಹಸಿರಾಗಿ ಕಂಡವು. ಬಹಳ ಹೊತ್ತು ಕೆಂಪನ್ನು ನೋಡಿದವರಿಗೆ ಹಾಗಾಗುತ್ತದೆ. ಗೊದ್ದ ಕಚ್ಚದೆಯೇ ಇಳಿದುಹೋಗಿತ್ತು.

ನಮ್ಮೂರಿನಲ್ಲಿ ಹೆಸರಿಲ್ಲದ್ದು ಕಣ್ಣಿನಲ್ಲಿ ಮಾತ್ರ ನಿಲ್ಲುತ್ತದೆ. ಒಬ್ಬರ ಕಣ್ಣು ಅದರ ಮೇಲಿದ್ದರೆ ಸಾಕು, ಊರಿಗೆಲ್ಲ ಅದರ ನೆನಪಿರುತ್ತದೆ. ಆ ಒಂದು ಕಣ್ಣು ಕಿತ್ತಿತೋ, ಊರಿಗೆ ಊರೇ ಅದನ್ನು ಮರೆತು ಊಟಕ್ಕೆ ಕೂರುತ್ತದೆ. ಹೊಸದಾಗಿ ಬಂದದ್ದು ಉಳಿಯಬೇಕಾದರೆ ಹೆಸರು ಬೇಕು. ಹೆಸರು ಸತ್ತವರಿಂದ ಬರಬೇಕು. ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ಮನೆಯವರು ಕಾಪಾಡಿಟ್ಟುಕೊಂಡಿದ್ದು, ತಕ್ಕದ್ದು ಬಂದಾಗ ಕೊಡುತ್ತಾರೆ. ಕೊಟ್ಟ ಮೇಲೆ ಆ ಹೆಸರು ವಸ್ತುವಿನದೇ ಆಗುತ್ತದೆ. ನಮ್ಮಪ್ಪನ ಹೆಸರು ಸಂತೆಮಾಳದ ಹತ್ತಿರ ಹೊಸದಾಗಿ ಬಿದ್ದ ರಸ್ತೆಯ ತಿರುವಿಗೆ ಹೋಯಿತು. ದಾಸಪ್ಪನ ಹತ್ತಿರ ಎಡಕ್ಕೆ ಹೋಗಿ ಎಂದು ಜನ ದಾರಿ ತೋರಿಸುತ್ತಾರೆ. ದಾಸಪ್ಪ ಎಂದರೆ ನನಗೂ ನೀರು ನಿಂತ ಆ ತಿರುವೇ ಕಾಣುತ್ತದೆ. ಒಮ್ಮೆ ಊರಿಗೆ ಒಂದು ಹೊಸ ಥರದ ಕೆಮ್ಮು ಬಂದಾಗ ಬೇರೆ ಹೆಸರು ಸಿಗದೆ ಚೌಡಜ್ಜಿಯ ಹೆಸರಿಟ್ಟರು. ‘ವಾರದಿಂದ ನನಗೆ ಚೌಡಜ್ಜಿ’ ಎಂದು ಯಾರಾದರೂ ಹೇಳಿದರೆ ಅವಳ ಮೊಮ್ಮಕ್ಕಳು ಇವತ್ತಿಗೂ ಜಗಳಕ್ಕೆ ಬರುತ್ತಾರೆ. ನಮ್ಮಣ್ಣನ ಹೆಸರು ಹಿಟ್ಟಿನ ಗಿರಣಿಗೆ ಹೋಯಿತು. ಬೊಮ್ಮಣ್ಣನ ಹತ್ತಿರ ರಾಗಿ ಬೀಸಿಸಿಕೊಂಡು ಬಾ ಎನ್ನುತ್ತಾರೆ. ಅಣ್ಣ ಬದುಕಿದ್ದಾಗ ಒಂದು ದಿನವೂ ಅಷ್ಟು ಕೆಲಸ ಮಾಡಿದವನಲ್ಲ.

ಆಗ ನಮ್ಮ ಅತ್ತಿಗೆ ಸಾಕವ್ವ ಅಷ್ಟೇನೂ ದುಃಖಪಡಲಿಲ್ಲ. “ಗಂಡನ ಹೆಸರು ಯಾವತ್ತು ಬಾಯಲ್ಲಿ ಹೇಳಿದ್ದೆ ನಾನು? ನನಗೆ ಅವರು ‘ಅವರೇ’. ಅದನ್ಯಾರೂ ತಗೊಂಡಿಲ್ಲವಲ್ಲ,” ಎಂದಿದ್ದಳು. ನನಗೂ ಅವನು ಅಣ್ಣನಾಗಿಯೇ ಉಳಿದ. ಹಿರಿಯರ ಹೆಸರನ್ನು ನಾವು ಕೂಗುವುದಿಲ್ಲ, ಹಾಗಾಗಿ ಅದು ಹೋದರೂ ಮುಖ ಉಳಿಯುತ್ತದೆ. ಅದಕ್ಕೇ ಇರಬೇಕು, ಊರು ಇಷ್ಟು ಕಾಲ ಈ ಪದ್ಧತಿಯನ್ನು ತಡೆದುಕೊಂಡು ಬಂದದ್ದು. ಮಕ್ಕಳ ಹೆಸರನ್ನು ಯಾವುದಕ್ಕಾದರೂ ಕೊಟ್ಟ ನೆನಪು ಯಾರಿಗೂ ಇರಲಿಲ್ಲ.

ದೇವೀರಿ ಅಣ್ಣನ ಒಬ್ಬಳೇ ಮಗಳು. ಸೋದರತ್ತೆಯಾಗಿ ತೊಟ್ಟಿಲಲ್ಲಿ ಅವಳ ಕಿವಿಗೆ ಹೆಸರು ಹೇಳಿದವಳು ನಾನು. ನಮ್ಮೂರಿನಲ್ಲಿ ಹುಟ್ಟಿದ ಮಗುವಿಗೆ ಹೆಸರು ಹುಡುಕುವುದು ಸುಲಭದ ಮಾತಲ್ಲ. ಒಳ್ಳೆಯ ಹೆಸರುಗಳೆಲ್ಲ ಆಗಲೇ ಹಕ್ಕಿಗೋ ಕಟ್ಟೆಗೋ ತಿಂಡಿಗೋ ಸೇರಿಹೋಗಿರುತ್ತವೆ. ಬಾಣಂತಿ ಕೋಣೆಯ ಹೊರಗೆ ಕೂತು ನಾನು ಒಂದೊಂದೇ ಹೆಸರು ಹೇಳುವುದು, ಒಳಗಿನಿಂದ ಅತ್ತಿಗೆ, “ಅದು ಸೌಟು”, “ಅದು ಆ ಗಾಳಿ, ಬ್ಯಾಡ”, “ಥೂ, ಅದು ಬಸ್ಸು” ಎಂದು ನಗುವುದು. ಕಡೆಗೆ ದೇವೀರಿ ಎಂದೆ. ಈ ಸಲ ಅತ್ತಿಗೆ ನಗದೆ, “ಅದು ಯಾರೂ ಅಲ್ಲ. ಅದು ಇವಳೇ,” ಎಂದಳು.

ಆಷಾಢದ ಮೊದಲ ಮಳೆ ಬಿದ್ದ ಮೇಲೆ ಊರಿನ ಮಕ್ಕಳೆಲ್ಲ ತೋಪಿನ ಆಚೆಯ ಕಾಡಿಗೆ ಸಂಕಮ್ಮನನ್ನು ಆರಿಸಲು ಹೋಗುತ್ತಾರೆ. ಸಂಕಮ್ಮ ಎಂದರೆ ಒಂದು ಪುಟ್ಟ ಕೆಂಪು ಅಣಬೆ, ಹಸಿಯಾಗಿಯೇ ತಿನ್ನಬಹುದು, ಹುಳಿಸಿಹಿ. ದೇವೀರಿಯೂ ಹೋದಳು. ಸಂಜೆ ಹೊಟ್ಟೆ ಹಿಡಿದುಕೊಂಡು ಬಂದಳು. ಏನು ತಿಂದೆ ಎಂದರೆ ಸಂಕಮ್ಮ ಎಂದಳು. ಅವಳು ಸುಳ್ಳು ಹೇಳಲಿಲ್ಲ, ಅವಳಿಗೆ ಅದು ಸಂಕಮ್ಮನೇ ಆಗಿತ್ತು. ಸಂಕಮ್ಮ ತಿಂದು ಯಾರಿಗೆ ಏನಾಗಿದೆ? ಓಮದ ಕಷಾಯ ಕುಡಿಸಿದರು, ದೃಷ್ಟಿ ತೆಗೆದರು. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವಳು ನಮ್ಮ ಯಾರ ಮಾತಿಗೂ ತಿರುಗಿ ನೋಡದಂತಾದಳು.

ಮೈ ತೊಳೆಯುವಾಗ ಮುಚ್ಚಿದ ಮುಷ್ಟಿಯನ್ನು ಬಿಡಿಸಿದವಳು ಅತ್ತಿಗೆ. ಒಳಗೆ ಒಂದು ಚೂರು ಇತ್ತು. ಕೆಂಪು, ಅದರ ಕೆಳಗೆ ಕಡ್ಡಿಯಂಥ ಕಾಂಡ, ಕಾಂಡಕ್ಕೆ ಬಿಳಿಯ ಬಳೆ. ಸಂಕಮ್ಮನಿಗೆ ಬಳೆಯಿಲ್ಲ. ಅತ್ತಿಗೆ ಆ ಚೂರನ್ನು ತನ್ನ ಅಂಗೈಗೆ ಹಾಕಿಕೊಂಡಳು, ನೋಡಿದಳು, ಮತ್ತೆ ಕಣ್ಣೆತ್ತಲಿಲ್ಲ. ನನಗೆ ಆ ಕೂಡಲೇ ಅರ್ಥವಾಯಿತು. ಇದಕ್ಕೆ ಹೆಸರಿಲ್ಲ. ಈಗ ಅವಳು ಬೇರೆ ಕಡೆ ನೋಡಿದರೆ ಇದು ಹೋಗುತ್ತದೆ. ಮಗು ಯಾತಕ್ಕೆ ಸತ್ತಿತು ಎನ್ನುವುದು ಅವಳಿಗೂ ತಿಳಿಯುವುದಿಲ್ಲ, ಊರಿಗೂ ತಿಳಿಯುವುದಿಲ್ಲ. ಮುಂದಿನ ಮನೆಯ ಮಗು ಮಧ್ಯಾಹ್ನ ಹೋಗಿ ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ.

ಹೆಣ ಎತ್ತುವಾಗ ಹೆಂಗಸರು ಹೇಳಿದರು, “ಸಾಕವ್ವ, ಒಂದ್ಸಲ ಮುಖ ನೋಡ್ಕೊಳ್ಳೇ ತಾಯಿ.” ಅವಳು ಅಂಗೈಯನ್ನೇ ನೋಡುತ್ತಾ ನಿಂತಿದ್ದಳು. “ಮಗಳ ಮುಖ ನೋಡೇ. ಇನ್ಯಾವಾಗ ನೋಡ್ತೀಯ?” ಅವಳ ಕಣ್ಣು ಕದಲಲಿಲ್ಲ. ಕಲ್ಲೆದೆ ಎಂದು ಯಾರೋ ಹಿಂದೆ ಪಿಸುಗುಟ್ಟಿದರು. ಬಾಗಿಲು ದಾಟಿಸಿ, ಅಂಗಳ ದಾಟಿಸಿ ದೇವೀರಿಯನ್ನು ಕೊಂಡೊಯ್ದರು. ಅತ್ತಿಗೆಯ ಬದಲಿಗೆ ನಾನು ಮುಖ ನೋಡಿದೆ. ಆಮೇಲೆ ಅವಳ ಮೊಣಕೈ ಹಿಡಿದುಕೊಂಡು, ಕುರುಡಿಯನ್ನು ನಡೆಸುವ ಹಾಗೆ, ಕಾಡಿನವರೆಗೂ ನಡೆಸಿಕೊಂಡು ಹೋದೆ. ಮಕ್ಕಳು ಹೋದ ಜಾಡು ಹಿಡಿದು ಒಂದೊಂದೇ ಕೆಂಪು ಅಣಬೆಯನ್ನು ಕಿತ್ತು ಅವಳ ಅಂಗೈಯ ಪಕ್ಕ ಹಿಡಿದೆ. ಇದಲ್ಲ, ಇದಕ್ಕೆ ಬಳೆಯಿಲ್ಲ. ಇದೂ ಅಲ್ಲ, ಇದರ ಅಂಚು ಬಿಳಿ. ಕಡೆಗೆ ಕೊಳೆತ ಮತ್ತಿಮರದ ಹತ್ತಿರ ಅವಳನ್ನು ಕೂರಿಸಿದೆ. ಅವಳು ಅಂಗೈಯನ್ನು ಮೆಲ್ಲಗೆ ಪಾಚಿಯ ಮೇಲೆ ಇಳಿಸಿದಳು. ಚೂರು ಮತ್ತು ಅಣಬೆ ಎರಡೂ ಒಟ್ಟಿಗೆ ಕಂಡಾಗ, “ಇದೇ,” ಎಂದಳು. ಅಷ್ಟು ಹೊತ್ತಿಗೆ ಚೂರು ಬಾಡಿ ಕಪ್ಪಾಗಿ, ಬೆವರಿಗೆ ಕರಗುತ್ತಾ ಬಂದಿತ್ತು.

ಅಂದಿನಿಂದ ಸರದಿ. ಊರಿನ ಹೆಂಗಸರು, ಗಂಡಸರು, ಒಬ್ಬರಾದ ಮೇಲೆ ಒಬ್ಬರು ಬಂದು ಕೂತು ನೋಡಿದರು. ಕತ್ತಲಾದರೆ ಲಾಟೀನು. ಮಳೆ ಬಂದರೆ ಅಣಬೆಗೆ ಕೊಡೆ, ಕೂತವರಿಗೆ ಗೋಣಿಚೀಲ. ಅತ್ತಿಗೆ ಸರದಿಗೆ ಬಂದಾಗ ನಾನು ಸ್ವಲ್ಪ ಹೊತ್ತು ಉಳಿಯುತ್ತಿದ್ದೆ. ಅವಳು ಅಣಬೆಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದಳು, “ಹೇಳು. ದೇವೀರಿ ಮುಖ ಹೆಂಗಿತ್ತು ಅವತ್ತು?”

“ಮಲಗಿದ ಹಂಗೇ ಇತ್ತು ಅತ್ಗೆ.”

“ಹಂಗಲ್ಲ, ಸರಿಯಾಗಿ ಹೇಳು.”

ನಾನು ಸರಿಯಾಗಿ ಹೇಳುತ್ತಿದ್ದೆ. ಬೈತಲೆ ಓರೆಯಾಗಿತ್ತು, ಯಾರೋ ಅವಸರದಲ್ಲಿ ತಲೆ ಬಾಚಿದ್ದರು. ಎಡಗಡೆಯ ಹುಬ್ಬಿನೊಳಗೆ ಹಳೇ ಗಾಯದ ಗುರುತು ಇತ್ತಲ್ಲ, ಅದು ಬೆಳ್ಳಗೆ ಕಾಣ್ತಿತ್ತು. ಬಾಯಿ ಚೂರು ತೆರೆದಿತ್ತು, ಹೊಸ ಹಲ್ಲು ಅರ್ಧ ಬಂದಿದ್ದು ಕಾಣ್ತಿತ್ತು. “ಅರ್ಧ ಬಂದಿತ್ತಾ?” ಎಂದು ಅವಳು ಪ್ರತಿ ಸಲವೂ ಕೇಳುತ್ತಿದ್ದಳು. ಅರ್ಧ ಬಂದಿತ್ತು ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ.

ಹೆಸರಿಡುವವರು ಮರುಳಯ್ಯನವರು. ಅವರು ಮನೆಮನೆಗೂ ಹೋಗಿ ಕೇಳಿದರು. ಹೆಸರು ಕಾಪಾಡಿಟ್ಟುಕೊಂಡ ಮನೆಗಳು ಬೇಕಾದಷ್ಟಿದ್ದವು. ಆದರೆ ವಿಷಕ್ಕೆ ಯಾರು ಕೊಡುತ್ತಾರೆ? ‘ನಮ್ಮತ್ತೆ ಯಾರಿಗೆ ಕೇಡು ಮಾಡಿದ್ರು ಸ್ವಾಮಿ? ಅವರ ಹೆಸರನ್ನ ಒಂದು ಹೂವಿಗೆ ಅಂತ ಇಟ್ಕೊಂಡಿದೀವಿ’ ಎಂದಳು ಒಬ್ಬಳು. ‘ನಮ್ಮ ತಾತನ್ನ ಕಂಡ್ರೆ ಮಕ್ಕಳು ಓಡಿ ಬರ್ತಿದ್ರು. ಈಗ ಅವನ ಹೆಸರು ಹೇಳಿ ಮಕ್ಕಳನ್ನ ಬೆದರಿಸ್ತೀರಾ?’ ಎಂದ ಇನ್ನೊಬ್ಬ. ಅದೂ ನಿಜವೇ. ನಾನು ಒಂದು ಉಪಾಯ ಹೇಳಿ ನೋಡಿದೆ. ಪುಟ್ಟ ಕೆಂಪು ಅಣಬೆ ಯಾವುದನ್ನೂ ಮುಟ್ಟಬಾರದು, ಸಂಕಮ್ಮನನ್ನೂ ತಿನ್ನಬಾರದು ಎಂದು ಸಾರಿಬಿಟ್ಟರೆ? ಸಂಕಮ್ಮನ ಮೊಮ್ಮಗಳು ಸೊಂಟಕ್ಕೆ ಕೈಯಿಟ್ಟುಕೊಂಡು ನಮ್ಮ ಬಾಗಿಲಿಗೇ ಬಂದಳು. “ನಮ್ಮಜ್ಜಿ ಯಾವ ಮಗೂನ ಕೊಂದವ್ಳೆ? ಹೇಳು ಹನುಮಕ್ಕ, ನನ್ನ ಮುಂದೆ ಹೇಳು.” ಹೇಗೂ ಆ ಉಪಾಯ ನಿಲ್ಲುವಂಥದ್ದಲ್ಲ. ಕಾರಣ ಮರೆತ ಮೇಲೆ ಸಿಹಿಯನ್ನು ಯಾರು ಬಿಡುತ್ತಾರೆ?

ಕಡೆಗೆ ಮುಂದೆ ಬಂದವಳು ತಿಪ್ಪಕ್ಕ. ಅವಳ ಗಂಡ ಓಬಳೇಶ ಲಾರಿ ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ. ಎಲ್ಲೋ ಘಾಟಿಯಲ್ಲಿ ಲಾರಿ ಉರುಳಿತೆಂದು ಸುದ್ದಿ ಬಂದಾಗ ಅವಳು ಬಳೆ ಒಡೆದುಕೊಂಡಿದ್ದಳು. “ತಗೊಳ್ಳಿ, ಓಬಳೇಶ ಅಂತಿಡಿ. ನೋಡೋಕೆ ಚೆಂದ, ಒಳಗೆಲ್ಲ ನಂಜು. ಅವನಿಗೇ ಹೊಲಿಸಿದ ಅಂಗಿ ಇದ್ದಂಗೈತೆ,” ಎಂದಳು. ಅಷ್ಟು ದಿನಗಳಲ್ಲಿ ಊರು ಮೊದಲ ಸಲ ನಕ್ಕಿತು.

ಹೆಸರಿಡುವ ದಿನ ಎಲ್ಲರೂ ಅಣಬೆಯ ಸುತ್ತ ಕೂತರು. ಹೆಸರು ಹೇಳಿದ ಮೇಲೆ ಎಲ್ಲರೂ ಒಟ್ಟಿಗೆ ಕಣ್ಣು ಮುಚ್ಚಬೇಕು. ತೆರೆದಾಗ ಹೆಸರು ಬಾಯಿಗೆ ಬಂದರೆ ಅಂಟಿತು ಎಂದು ಅರ್ಥ. ಬಾರದಿದ್ದರೆ ಇಲ್ಲ. ಅಂಟದೆ ಹೋದರೆ ಮತ್ತೆ ತಿಳಿಯಲಿ ಎಂದು, ಆ ವಸ್ತು ಏನು ಮಾಡಿತೆಂಬುದಕ್ಕೆ ಒಂದು ಗುರುತನ್ನು ಪಕ್ಕದಲ್ಲಿ ಇಡುತ್ತಾರೆ. ಮರುಳಯ್ಯನವರು ಅಣಬೆಯ ಬುಡದಲ್ಲಿ ದೇವೀರಿಯ ನೀಲಿ ಲಂಗ ಇಟ್ಟರು. ತಿಪ್ಪಕ್ಕ ಬಗ್ಗಿ, “ಓಬಳೇಶ,” ಎಂದಳು. ನಾವು ಕಣ್ಣು ಮುಚ್ಚಿದೆವು.

ತೆರೆದಾಗ ನನಗೆ ಕಂಡದ್ದು ಒಂದು ಚೆಂದದ ಕೆಂಪು ಅಣಬೆ. ಎಷ್ಟು ಮುದ್ದಾಗಿದೆ ಎಂದುಕೊಂಡೆ. ಇಷ್ಟು ಜನ ಕೆಲಸ ಬಿಟ್ಟು ಕಾಡಿನಲ್ಲಿ ಯಾಕೆ ಕೂತಿದ್ದೇವೆ ಎಂದು ತಿಳಿಯಲಿಲ್ಲ. ಪಕ್ಕದಲ್ಲಿ ದೇವೀರಿಯ ಲಂಗ. ದೇವೀರಿ ಸತ್ತಿದ್ದಾಳೆ ಎನ್ನುವುದು ಗೊತ್ತಿತ್ತು. ಯಾತಕ್ಕೆ ಎನ್ನುವುದು ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ಅತ್ತಿಗೆಯ ಕಡೆ ನೋಡಿದೆ. ಅವಳು ಲಂಗ ನೋಡಿದಳು, ಅಣಬೆ ನೋಡಿದಳು, ಮತ್ತೆ ಲಂಗ ನೋಡಿದಳು. ಎಲ್ಲರಿಗಿಂತ ಮೊದಲು ಅವಳಿಗೇ ತಿಳಿಯಿತು. ಮೊದಲ ಸಲ ಹೇಗೆ ತಿಳಿದಿತ್ತೋ ಹಾಗೆಯೇ, ಪೂರ್ತಿಯಾಗಿ, ಹೊಸದಾಗಿ ತಿಳಿಯಿತು. ಅವಳ ಬಾಯಿಂದ ಬಂದ ಸದ್ದಿಗೆ ಮರದ ಮೇಲಿದ್ದ ಹಕ್ಕಿಗಳು ಎದ್ದವು. ಆಮೇಲೆ, ಜೋಮು ಹಿಡಿದ ಕಾಲಿಗೆ ರಕ್ತ ಹರಿದ ಹಾಗೆ, ನಮಗೂ ಒಂದೊಂದೇ ಮರಳಿತು.

ಹೆಸರು ಅಂಟಿರಲಿಲ್ಲ. ಬದುಕಿರುವವರ ಹೆಸರು ಯಾವುದಕ್ಕೂ ಅಂಟುವುದಿಲ್ಲ.

“ಹಂಗಾದ್ರೆ ಅವನು ಎಲ್ಲೋ ಅವ್ನೆ,” ಎಂದಳು ತಿಪ್ಪಕ್ಕ. “ಉಂಡ್ಕೊಂಡು ತಿಂದ್ಕೊಂಡು ಅವ್ನೆ. ನಾನು ಇಲ್ಲಿ ಹಬ್ಬಕ್ಕೆ ಒಂದು ಬಳೆ ಹಾಕ್ಕೊಳ್ಳಿಲ್ಲ.” ಯಾರೂ ನಗಲಿಲ್ಲ. ಅವಳೇ ಎದ್ದು ಅತ್ತಿಗೆಯ ಹತ್ತಿರ ಹೋಗಿ ಕಾಲು ಮುಟ್ಟಿದಳು. “ತಪ್ಪಾಯ್ತು ಸಾಕವ್ವ. ಸತ್ತವ್ನೆ ಅಂತಾನೇ ಅನ್ಕೊಂಡಿದ್ದೆ.”

ಅದಾದ ಮೇಲೆ ಸರದಿಗೆ ಬರುವವರು ಕಡಿಮೆಯಾದರು. ಮನೆ ಇದೆ, ಹಸು ಇದೆ, ಮಳೆ ಹಿಡಿದಿದೆ. ಅಣಬೆಯೂ ಇಳಿಯತೊಡಗಿತು. ಟೋಪಿಯ ಅಂಚು ಮುದುರಿ ಕಂದಿತು. ಕಾಡೆಲ್ಲ ತಡಕಿದರೂ ಆ ಜಾತಿಯ ಇನ್ನೊಂದು ಸಿಗಲಿಲ್ಲ. ಇದು ಕರಗಿದರೆ ನೋಡಲು ಏನೂ ಇರುವುದಿಲ್ಲ, ನೋಡಲಿಲ್ಲವೆಂದರೆ ನೆನಪಿರುವುದಿಲ್ಲ, ಮುಂದಿನ ಆಷಾಢಕ್ಕೆ ಅದು ಮತ್ತೆ ಎಲ್ಲಿಯೋ ಏಳುತ್ತದೆ. ಒಂದು ಮಧ್ಯಾಹ್ನ ನಾನು ಮನೆಗೆ ಹೋದಾಗ ನನ್ನ ಮಗಳು ಸುಬ್ಬಿ ಹೊಸಿಲ ಮೇಲೆ ಕೂತಿದ್ದಳು. “ಅಮ್ಮ, ಅದು ಸಂಕಮ್ಮನಿಗಿಂತ ಸಿಹಿ ಇರುತ್ತಾ?” ಎಂದು ಕೇಳಿದಳು. ನಾನು ಅವಳಿಗೆ ಒಂದು ಏಟು ಹಾಕಿದೆ. ಆಮೇಲೆ ತಬ್ಬಿಕೊಂಡು ಕೂತೆ.

ಆ ಸಂಜೆಯೇ ಮರುಳಯ್ಯನವರು ನಮ್ಮ ಜಗಲಿಗೆ ಬಂದರು. ನೀರು ಕುಡಿದು ಚೊಂಬು ಕೆಳಗಿಟ್ಟರು. “ಅದು ಯಾರನ್ನ ತಗೊಂಡಿತೋ ಅವರ ಹೆಸರೇ ಅದಕ್ಕೆ ಗಟ್ಟಿಯಾಗಿ ನಿಲ್ಲೋದು,” ಎಂದರು. “ಮಕ್ಕಳ ಹೆಸರು ಕೇಳಿದೋರಿಲ್ಲ, ನನಗೂ ಕೇಳೋಕೆ ನಾಲಿಗೆ ಏಳಲ್ಲ. ನೀನು ಅವಳ ನಾದಿನಿ. ನೀನು ಕೇಳಿದ್ರೆ ಕೇಳಿದಂಗಿರುತ್ತೆ.”

“ಅವಳ ಹತ್ರ ಇನ್ನೇನು ಉಳಿದೈತೆ ಅಯ್ಯನೋರೇ?”

“ನಿನ್ನ ಮಗಳೂ ಕಾಡಿಗೆ ಹೋಗ್ತಾಳಲ್ಲವ್ವ,” ಎಂದರು ಅವರು. ಚುಚ್ಚಿ ಹೇಳಿದ ಮಾತಲ್ಲ ಅದು.

ನಾನು ಹೋದೆ. ಹೋಗುವಾಗ ಅವಳು ಒಪ್ಪಲಿ ಎಂದೇ ಬೇಡಿಕೊಂಡು ಹೋದೆ. ಅತ್ತಿಗೆ ಮತ್ತಿಮರದ ಮುಂದೆ ಗೋಣಿ ಹೊದ್ದು ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಮಳೆ ಬಗ್ಗೆ ಒಂದು ಮಾತು, ಹಸುವಿನ ಬಗ್ಗೆ ಒಂದು ಮಾತು ಆಡಿ, ವಿಷಯ ಹೇಳಿಬಿಟ್ಟೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ.

“ಕೊಟ್ಟ ಮೇಲೆ ಅವಳನ್ನ ಏನಂತ ಕರೀಲಿ?” ಎಂದಳು.

“ಮಗಳು ಅಂತ.”

“ಮಗಳು ಅಂತ ಯಾರಾದ್ರೂ ಮಗಳನ್ನ ಕೂಗ್ತಾರೇನೇ?”

ನಾನು ಜಾರಿದ ಗೋಣಿಯನ್ನು ಅವಳ ಭುಜದ ಮೇಲೆ ಎಳೆದೆ.

“ಸುಬ್ಬಿ ಕೂದಲು ಬಾಚಿದ್ಯಾ ಇವತ್ತು?” ಎಂದು ಕೇಳಿದಳು. ಬಾಚಿದೆ ಎಂದೆ. “ಆಯ್ತು,” ಎಂದಳು. “ಕೊಡ್ತೀನಿ ಅಂತ ಹೇಳು ಅವರಿಗೆ. ಸುಬ್ಬಿಗೋಸ್ಕರ ಕೊಡ್ತೀನಿ. ನಾಳೆ ನೀನೇ ಹೇಳ್ಬೇಕಲ್ಲ, ತೊಟ್ಟಿಲಲ್ಲಿ ಹೇಳ್ದೋರೇ ತೆಗೀಬೇಕು ಅಂತಾರೆ.”

ಹೌದು, ನಮ್ಮಲ್ಲಿ ಹಾಗೆಯೇ. ಹೆಸರನ್ನು ಕಿವಿಯಲ್ಲಿ ಹೇಳಿದವರು ಬದುಕಿದ್ದರೆ, ಅದನ್ನು ವಸ್ತುವಿಗೆ ಹೇಳಬೇಕಾದವರೂ ಅವರೇ. ಹಿರಿಯರು ಸತ್ತಾಗ ಅವರಿಗೆ ಹೆಸರಿಟ್ಟವರು ಯಾರೂ ಇರುವುದಿಲ್ಲ, ಹಾಗಾಗಿ ಆ ಮಾತು ಬರುವುದೇ ಅಪರೂಪ. ನಾನು ಮನೆಗೆ ಬಂದು ಮುದ್ದೆ ಮಾಡಿದೆ. ಸುಬ್ಬಿಗೆ ಬಡಿಸಿ ನಾನೂ ಉಂಡೆ. ಎಷ್ಟೋ ದಿನದ ಮೇಲೆ ಊಟ ರುಚಿಸಿತು ಎನ್ನುವುದನ್ನು ಮುಚ್ಚಿಟ್ಟು ಏನಾಗಬೇಕು?

ಮಾರನೆಯ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಊರಿನವರು ಸುತ್ತ ಕೂತರು, ಈ ಸಲ ಸ್ವಲ್ಪ ದೂರ ದೂರ. ಸುಬ್ಬಿಯನ್ನು ತಿಪ್ಪಕ್ಕ ತನ್ನ ಮಡಿಲಲ್ಲಿ ಕೂರಿಸಿಕೊಂಡಿದ್ದಳು. ಮರುಳಯ್ಯನವರು ಲಂಗವನ್ನು ತಂದಿಟ್ಟು ಅದರ ಸುಕ್ಕು ಬಿಡಿಸಿದರು. ಅಣಬೆ ಒಂದು ಪಕ್ಕಕ್ಕೆ ಕುಸಿದಿತ್ತು, ಬಳೆ ಹರಿದು ಕೆಳಗೆ ಜೋತಿತ್ತು. ಇವತ್ತೇ, ತಡ ಮಾಡುವ ಹಾಗಿಲ್ಲ ಎನ್ನುವುದು ಎಲ್ಲರಿಗೂ ಕಾಣುತ್ತಿತ್ತು.

“ಒಂದ್ಸಲ ಕೂಗ್ಕೊಳ್ಳಲಾ?” ಎಂದು ಅತ್ತಿಗೆ ಕೇಳಿದಳು.

ಮರುಳಯ್ಯನವರು ತಲೆಯಾಡಿಸಿದರು. ಅವಳು ಎದ್ದು ನಿಂತು ಕಾಡಿಗೆ ಮುಖ ಮಾಡಿದಳು. ಅಳುವಿನ ದನಿಯಲ್ಲಿ ಕೂಗುತ್ತಾಳೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಹಾಗೆ ಕೂಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತ ತಾಯಂದಿರು ಬೀದಿಯ ಕಡೆಗೆ ಹೇಗೆ ಕೂಗುತ್ತಾರೋ ಹಾಗೆ, ಅರ್ಧ ಸಿಟ್ಟಿನಲ್ಲಿ, ಇನ್ನೂ ಒಲೆಯ ಮೇಲೆ ಏನೋ ಇದೆ ಎನ್ನುವ ಅವಸರದಲ್ಲಿ ಕೂಗಿದಳು. “ದೇವೀರೀ. ಎಲ್ಲಿ ಹಾಳಾಗಿ ಹೋದ್ಯೇ? ದೇವೀರೀ. ಕತ್ಲಾಯ್ತು, ಬಾರೇ.”

ದೇವೀರಿ ಬಂದಳು. ಅಂದರೆ, ಅಲ್ಲಿ ಕೂತ ಪ್ರತಿಯೊಬ್ಬರಿಗೂ ಬಂದಳು, ನಾನು ಅವರ ಮುಖಗಳಲ್ಲಿ ಕಂಡೆ. ನನಗೆ ಬಂದವಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, ಲಂಗ ಎತ್ತಿಕಟ್ಟಿಕೊಂಡು ಏದುಸಿರು ಬಿಡುತ್ತಾ ಓಡಿಬಂದವಳು. ‘ನಾನಲ್ಲ ಅತ್ತೆ, ಸುಬ್ಬಿನೇ ಕರ್ಕೊಂಡು ಹೋಗಿದ್ದು’ ಎಂದು ಬರುತ್ತಲೇ ಚಾಡಿ ಹೇಳುವವಳು. ಎರಡೇ ಸಲ ಕೂಗಿದ್ದಕ್ಕೆ ಇಷ್ಟು ಬಂದಿದ್ದಳು. ಕೂಗು ನಿಂತ ಮೇಲೂ ಅತ್ತಿಗೆ ಕಾಡಿನ ಕಡೆಗೇ ನೋಡುತ್ತಾ ನಿಂತಿದ್ದಳು. ಅವಳ ತುಟಿಯ ಮೂಲೆಯಲ್ಲಿ ಒಂದು ಬೈಗುಳ ಇನ್ನೂ ಉಳಿದಿತ್ತು, ಮಗು ಹತ್ತಿರ ಬಂದ ಮೇಲೆ ಬೈಯಲು ಇಟ್ಟುಕೊಂಡದ್ದು. ಆಮೇಲೆ ಅದನ್ನು ನುಂಗಿ, ಬಂದು ನನ್ನ ಪಕ್ಕದಲ್ಲಿ ಕೂತಳು.

“ಆಯ್ತು,” ಎಂದಳು. “ಹೇಳು.”

ಮರುಳಯ್ಯನವರು ಕೈಯೆತ್ತಿದರು. ಎಲ್ಲರೂ ಕಣ್ಣು ಮುಚ್ಚಲು ಸಿದ್ಧರಾದರು. ನಾನು ಬಗ್ಗಿದೆ. ಪಾಚಿಯ ಹಸಿ ವಾಸನೆ ಬಂತು. ಹೆಸರು ನನ್ನ ಬಾಯಿಯೊಳಗೇ ಇತ್ತು, ಅದರ ಜೊತೆಗೆ ಅವಳು ಇನ್ನೂ ಏದುಸಿರು ಬಿಡುತ್ತಾ ನಿಂತಿದ್ದಳು, ಕೈಯಲ್ಲಿ ಚಪ್ಪಲಿ ಹಿಡಿದು. ಹೇಳಿಬಿಟ್ಟರೆ, ಇನ್ನು ಮುಂದೆ ದೇವೀರಿ ಎಂದಾಗ ಇವಳು ಬರುವುದಿಲ್ಲ, ಅಣಬೆ ಬರುತ್ತದೆ.

“ಹೇಳವ್ವ ಹನುಮಕ್ಕ,” ಎಂದರು ಮರುಳಯ್ಯನವರು.

ನಾನು ನೆಟ್ಟಗೆ ಕೂತೆ.

“ಏನಾಯ್ತು?”

“ಆಗಲ್ಲ ಅಯ್ಯನೋರೇ.”

ಕೂತವರಲ್ಲಿ ಗುಜುಗುಜು ಎದ್ದಿತು. ಹೆತ್ತವಳೇ ಕೊಟ್ಟ ಮೇಲೆ ಇವಳದೇನು ಎಂದು ಯಾರೋ ಗಂಡಸು ಅಂದ. ಮರುಳಯ್ಯನವರು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ತಗ್ಗಿದ ದನಿಯಲ್ಲಿ ಕೇಳಿದರು, “ಇದು ನಾಳೆಗೆ ಇರಲ್ಲ ಕಣವ್ವ. ನಾಳೆ ನಿನಗೂ ನೆನಪಿರಲ್ಲ, ನನಗೂ ನೆನಪಿರಲ್ಲ. ಬರೋ ಮಳೆಗೆ ಯಾರ ಮನೆ ಮಗು ಅಂತ ಹೇಳ್ತೀಯ?” ನಾನು ತಿಪ್ಪಕ್ಕನ ಮಡಿಲಿನ ಕಡೆ ನೋಡಿದೆ. ಸುಬ್ಬಿ ತಿಪ್ಪಕ್ಕನ ಸೆರಗಿನ ಗಂಟು ಬಿಚ್ಚಿ ಕಡಲೆ ಹುಡುಕುತ್ತಿದ್ದಳು.

ಅತ್ತಿಗೆ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬಿಸಿಯಾಗಿತ್ತು.

“ನಾನೇ ಕೊಡ್ತಾ ಇದೀನಲ್ಲೇ ಹನುಮಿ,” ಎಂದಳು. “ಮನಸ್ಸಿನಿಂದ ಕೊಡ್ತಾ ಇದೀನಿ. ನಿನ್ನ ಮಗಳಿಗೆ ಕೊಡ್ತಾ ಇದೀನಿ. ತಗೋ.”

“ನನಗೆ ಬೇಡ ಅತ್ಗೆ,” ಎಂದೆ. “ನಾನು ಹೇಳಲ್ಲ.”